ಸ್ಟ್ರೋಕ್ ಆದವರಿಗೆ ಫಿಜಿಯೋ, ಸ್ಪೀಚ್ ಥೆರಪಿ ಎಲ್ಲ ಒಟ್ಟಿಗೆ ಮಾಡಿಸಬಹುದಾ?

ನಿಮ್ಮ ತಂದೆಗೆ ಸ್ಟ್ರೋಕ್ ಆಗಿ ಎರಡು ತಿಂಗಳಾಯಿತು, ಬಲಗೈ ಏಳುತ್ತಿಲ್ಲ, ಮಾತು ತಡವರಿಸುತ್ತದೆ, ಫಿಜಿಯೋಥೆರಪಿ ಮುಗಿದ ಮೇಲೆ ಸ್ಪೀಚ್ ಥೆರಪಿ ಶುರು ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ. ಚೇತರಿಕೆಯ ವೇಗ ಮೊದಲ 3 ತಿಂಗಳಲ್ಲೇ ಜಾಸ್ತಿ. ಆಮೇಲೂ ಸುಧಾರಿಸುತ್ತಾರೆ, ಆದರೆ ನಿಧಾನ.

ನಮ್ಮ ಅಮ್ಮನಿಗೂ ಸ್ಟ್ರೋಕ್ ಆದಾಗ ಫಿಜಿಯೋ, ಸ್ಪೀಚ್, ಜೊತೆಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿ, ಹೀಗೆ ಮೂರು ಥೆರಪಿಯೂ ನಡೆಯುತ್ತಿತ್ತು. ಮೂವರು ಥೆರಪಿಸ್ಟ್‌ಗಳು ಮಾತ್ರ ಒಬ್ಬರಿಗೊಬ್ಬರು ಮಾತೇ ಆಡಿರಲಿಲ್ಲ. ಬೆಳಗ್ಗೆ ಫಿಜಿಯೋ ಮುಗಿಯುವಷ್ಟರಲ್ಲಿ ಅಮ್ಮ ಸುಸ್ತು, ಸ್ಪೀಚ್ ಥೆರಪಿಸ್ಟ್ ಬಂದಾಗ ಕುರ್ಚಿಯಲ್ಲೇ ತೂಕಡಿಕೆ, ನಾವು ಅದನ್ನು ನೋಡಿ ಅವರಿಗೆ ಮನಸ್ಸಿಲ್ಲ ಅಂದುಕೊಂಡೆವು. ಸ್ಟ್ರೋಕ್ ಆದಮೇಲೆ ಮೆದುಳಿಗೇ ಅಂಥ ಆಯಾಸ ಆಗುತ್ತದೆ, ಅದು ಸೋಮಾರಿತನ ಅಲ್ಲ. ಮಾತಿನ ಅಭ್ಯಾಸವನ್ನು ಮೊದಲಿಗೆ ತಂದು, ನಡುವೆ ವಿಶ್ರಾಂತಿ ಕೊಟ್ಟ ಮೇಲೆ ಅಮ್ಮ ತಾವಾಗಿಯೇ ಪದ ಹುಡುಕತೊಡಗಿದರು.

ಇನ್ನೊಂದು, ಆಮೇಲೆ ಮೂವರು ಥೆರಪಿಸ್ಟ್‌ಗಳೂ ಸೇರಿ ಒಂದೇ ಗುರಿ ಇಟ್ಟುಕೊಂಡರು: ಅಮ್ಮ ತಾವೇ ಲೋಟ ಎತ್ತಿ ನೀರು ಕುಡಿಯಬೇಕು. ವಾಲದೆ ನೆಟ್ಟಗೆ ಕೂರಿಸುವುದು ಫಿಜಿಯೋ ಕೆಲಸ. ಲೋಟ ಹಿಡಿದು ಬಾಯಿಗೆ ತರುವುದು ಆಕ್ಯುಪೇಷನಲ್ ಥೆರಪಿ. ನುಂಗುವುದನ್ನು ಪರೀಕ್ಷೆ ಮಾಡಿ ಕಲಿಸುವುದು ಸ್ಪೀಚ್ ಥೆರಪಿಸ್ಟ್, ಇದು ತುಂಬಾ ಜನರಿಗೆ ಗೊತ್ತೇ ಇರುವುದಿಲ್ಲ. ನಿಮ್ಮ ತಂದೆ ಕುಡಿಯುವಾಗ ಕೆಮ್ಮಿದರೆ, ಗಂಟಲು ಗೊರಗೊರ ಅಂದರೆ, ಸುಮ್ನೆ ನೆತ್ತಿಗೆ ಹತ್ತಿತು ಅಂತ ಬಿಡಬೇಡಿ. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಹಾಗಾಗಿ ಪರೀಕ್ಷೆ ಮಾಡಿಸಿಯೇ ಬಿಡಿ.

ಕನ್ನಡಿ ಇಟ್ಟು ಮಾಡಿಸುವ ಮಿರರ್ ಥೆರಪಿ ಬಗ್ಗೆ ಕೇಳಿರಬಹುದು. ಚೆನ್ನಾಗಿರುವ ಕೈ ಆಡಿಸಿದಾಗ ಕನ್ನಡಿಯಲ್ಲಿ ಸೋತ ಕೈಯೇ ಆಡಿದಂತೆ ಕಾಣುತ್ತದೆ. ಇದನ್ನು ಬೇರೆ ವ್ಯಾಯಾಮದ ಜೊತೆ ಸೇರಿಸಿಕೊಳ್ಳಬಹುದು, ಅದರ ಬದಲಿಗಲ್ಲ. ಒಳ್ಳೆ ಕೈಯನ್ನು ಕಟ್ಟಿಹಾಕಿ ಸೋತ ಕೈಯಲ್ಲೇ ಕೆಲಸ ಮಾಡಿಸುವ ಪದ್ಧತಿಯೂ ಇದೆ, ಆದರೆ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಆಡುತ್ತಿರಬೇಕು. ಕೈ ಏಳುತ್ತಲೇ ಇಲ್ಲ ಅಂತೀರಲ್ಲ, ಮನೆಯಲ್ಲಿ ನೀವೇ ಪ್ರಯೋಗ ಮಾಡಬೇಡಿ. ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಲೂ ಬೇಡಿ, ಭುಜದ ಕೀಲು ಜಾರಬಹುದು.

ಮನಸ್ಸನ್ನೂ ಗಮನಿಸಿ. ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ, ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಬೇಕು ಅಷ್ಟೇ.

ಈ ವಾರ ಒಂದು ನೋಟ್‌ಬುಕ್‌ನಲ್ಲಿ ತಂದೆ ಯಾವ ಹೊತ್ತಿಗೆ ಚುರುಕಾಗಿರುತ್ತಾರೆ, ಯಾವಾಗ ಸುಸ್ತಾಗುತ್ತಾರೆ ಅಂತ ಬರೆದಿಡಿ. ಅದನ್ನೇ ಮೂವರು ಥೆರಪಿಸ್ಟ್‌ಗಳಿಗೂ ತೋರಿಸಿ ಸಮಯ ಗೊತ್ತುಮಾಡಿ.