0.8 ಮಿ.ಮೀ. ಬಿಟ್ ಮುರಿಯದ ಹಾಗೆ ಡ್ರಿಲ್ ಪ್ರೆಸ್ ಮನೆಯಲ್ಲೇ ಮಾಡಬಹುದಾ?

ಖಂಡಿತ ಮಾಡಬಹುದು. ಡ್ರಿಲ್ ಪ್ರೆಸ್ ಅಂದರೆ ಡ್ರಿಲ್ ಮೋಟಾರನ್ನು ಕಂಬಕ್ಕೆ ಕೂರಿಸಿ ನೇರವಾಗಿ ಕೆಳಗಿಳಿಸುವ ಸಾಧನ. ಕೈ ಡ್ರಿಲ್ಲಿನಲ್ಲಿ ಪಿಸಿಬಿಗೆ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿಗೆ) ತೂತು ಹಾಕುವಾಗ ಕಾರ್ಬೈಡ್ ಬಿಟ್‌ಗಳು ಪಟಪಟ ಮುರಿಯುತ್ತಿವೆ, ಜಾಸ್ತಿ ಸ್ಪೀಡಿನ ಮೋಟಾರ್ ಹಾಕಲಾ ಅಂತ ಕೇಳಿದ್ದೀರಿ. ಸ್ಪೀಡಿನ ವಿಷಯ ಆಮೇಲೆ. ಕಾರ್ಬೈಡ್ ಬಲು ಗಟ್ಟಿ, ಆದರೆ ಬಾಗೋದೇ ಇಲ್ಲ. ಪಕ್ಕದಿಂದ ಒಂಚೂರು ಒತ್ತಡ ಬಿದ್ದರೂ ಟಿಕ್ ಅಂತ ಹೋಗುತ್ತದೆ. ಹಾಗಾಗಿ ದುಡ್ಡನ್ನು ಮೋಟಾರಿಗಿಂತ ಮೇಲೆ ಕೆಳಗೆ ಜಾರುವ ಭಾಗಕ್ಕೆ ಹಾಕಿ.

ನಾನಿರೋದು ಚಿಕ್ಕಮಗಳೂರಿನಲ್ಲಿ, ತೋಟದ ಪಂಪ್‌ಸೆಟ್‌ಗಳಿಗೆ ಟೈಮರ್ ಬೋರ್ಡ್ ಮಾಡಿಕೊಡುತ್ತೇನೆ. ನನ್ನ ಪ್ರೆಸ್ಸಿನ ಬುಡ ಗುಜರಿಯಿಂದ ತಂದ ದಪ್ಪ ಕಬ್ಬಿಣದ ಪ್ಲೇಟು. ಕಂಬ ಅಲ್ಯೂಮಿನಿಯಂ ಪ್ರೊಫೈಲ್, ಅದಕ್ಕೆ ಎಂಜಿಎನ್12 ರೈಲು (ಅಲುಗಾಡದೆ ನೇರ ಜಾರುವ ಉಕ್ಕಿನ ಹಳಿ), ಮೇಲೆ 775 ಅನ್ನೋ ಅಳತೆಯ ಡಿಸಿ ಮೋಟಾರ್. ಸಿಲ್ವರ್ ಓಕ್ ಹಲಗೆ ಇಲ್ಲಿ ಸುಲಭವಾಗಿ ಸಿಗುತ್ತದೆ ಅಂತ ಮರದ ಕಂಬ ಮಾಡಬೇಡಿ. ಮಲೆನಾಡಿನ ಮಳೆಗೆ ಮರ ಉಬ್ಬಿ ಎಲ್ಲಾ ಓರೆಯಾಗುತ್ತದೆ. ಡ್ರಾಯರ್ ಚಾನೆಲ್ಲೂ ಬೇಡ, ಅದರ ಅಲುಗಾಟ ಕಣ್ಣಿಗೇ ಕಾಣುತ್ತದೆ.

ಮೋಟಾರ್ ಶಾಫ್ಟ್ 5 ಮಿ.ಮೀ., ಬಿಟ್ಟಿನ ಹಿಡಿ 3.175 ಮಿ.ಮೀ. ಎರಡಕ್ಕೂ ಹೊಂದುವ ಇಆರ್11 ಕೊಲೆಟ್ (ಬಿಟ್ಟನ್ನು ಸುತ್ತಲಿಂದ ಸಮನಾಗಿ ಬಿಗಿಹಿಡಿಯುವ ಹಿಡಿಕೆ) ಆನ್‌ಲೈನ್‌ನಲ್ಲಿ ಸಿಗುತ್ತದೆ. ಪಕ್ಕದಿಂದ ಒಂದೇ ಸ್ಕ್ರೂ ಬಿಗಿಯುವ ಹಿತ್ತಾಳೆ ಚಕ್ ಅಗ್ಗ ನಿಜ, ಆದರೆ ಆ ಸ್ಕ್ರೂನೇ ಬಿಟ್ಟನ್ನು ನಡುವಿನಿಂದ ಆಚೆ ತಳ್ಳುತ್ತದೆ.

ಈಗ ಮುಖ್ಯವಾದ ಕೆಲಸ. ಮೊದಲು ರೈಲಿಗೆ ಮೂಲೆಮಟ್ಟ ಹಿಡಿದು ಎರಡೂ ದಿಕ್ಕಿನಲ್ಲಿ ನೋಡಿ. ಆಮೇಲೆ ಕೊಲೆಟ್ಟಿಗೆ ಎಲ್ ಆಕಾರಕ್ಕೆ ಬಗ್ಗಿಸಿದ ಗಟ್ಟಿ ತಂತಿ ಸಿಕ್ಕಿಸಿ. ತುದಿ ಪ್ಲೇಟಿಗೆ ಮುಟ್ಟೀಮುಟ್ಟದ ಹಾಗೆ ಇಳಿಸಿ, ಕೈಯಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಒಂದು ಕಡೆ ಕೆರೆದು, ಎದುರು ಕಡೆ ಸಂದಿಯಲ್ಲಿ ಬೆಳಕು ಕಂಡರೆ ಮೋಟಾರ್ ವಾಲಿದೆ ಅಂತ. ಕೂಲ್ ಡ್ರಿಂಕ್ಸ್ ಡಬ್ಬಿಯ ತಗಡು ಕತ್ತರಿಸಿ ಬ್ರಾಕೆಟ್ ಸಂದಿಗೆ ತೂರಿಸಿ. ಒಂದು ಸಂಜೆ ಪೂರ್ತಿ ಇದಕ್ಕೇ ಹೋದರೂ ಹೋಗಲಿ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಸ್ಪೀಡು. ಕಾರ್ಬೈಡಿಗೆ ನಿಮಿಷಕ್ಕೆ 20,000 ಸುತ್ತಿಗಿಂತ ಜಾಸ್ತಿ ಇದ್ದರೆ ಒಳ್ಳೇದು. ಅಲುಗಾಟ ಇಲ್ಲ ಅಂದರೆ 10,000ದಲ್ಲೂ ನಡೆಯುತ್ತದೆ, ನಿಧಾನಕ್ಕೆ ಇಳಿಸಬೇಕು ಅಷ್ಟೆ. ಸ್ವಿಚ್ಚನ್ನು ಕಾಲಿನ ಪೆಡಲ್ಲಿಗೆ ಕೊಡಿ, ಬೋರ್ಡ್ ಹಿಡಿಯೋಕೆ ಒಂದು ಕೈ ಬೇಕಲ್ವಾ? ಬೋರ್ಡಿನ ಲೇಔಟ್ ಮಾಡುವಾಗ ಪ್ಯಾಡಿನ (ಬೆಸುಗೆ ಹಾಕುವ ತಾಮ್ರದ ಬಿಲ್ಲೆಯ) ನಡುವೆ ಪುಟ್ಟ ಚುಕ್ಕೆಯಷ್ಟು ಜಾಗದಲ್ಲಿ ತಾಮ್ರ ಇಲ್ಲದೆ ಗುಳಿ ಆಗುವಂತೆ ನೋಡಿಕೊಳ್ಳಿ. ಬಿಟ್ ಆ ಗುಳಿಯಲ್ಲಿ ತಾನೇ ಕೂರುತ್ತದೆ. ಬೋರ್ಡಿನ ಅಡಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಇಡಿ.

ಪಿಸಿಬಿಯ ಹಲಗೆ ಎಫ್‌ಆರ್4 ಆಗಿದ್ದರೆ ಅದರ ಪುಡಿಯಲ್ಲಿ ಗಾಜಿನ ನಾರು ಇರುತ್ತದೆ. ಬಾಯಲ್ಲಿ ಊದಬೇಡಿ. ಮಾಸ್ಕು, ಕನ್ನಡಕ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ. ರೈಲಿಗೆ ಮಾತ್ರ ಒದ್ದೆ ತಾಗಿಸಬೇಡಿ, ಅದಕ್ಕೆ ಒಂದೆರಡು ಹನಿ ಹೊಲಿಗೆ ಮಿಷನ್ ಎಣ್ಣೆ ಸಾಕು.