ಪೆನ್ಸಿಲ್ ಕಂಡದ್ದನ್ನು ಬರಹ ಹೇಳುತ್ತಿಲ್ಲ

ಪ್ರಿಯರೆ,

ನಿಮ್ಮ ‘ನನ್ನ ನೆಚ್ಚಿನ ಗಾಯಕರು’ ಲೇಖನ ಮತ್ತು ಐದು ಪೆನ್ಸಿಲ್ ಚಿತ್ರಗಳು ತಲುಪಿವೆ: ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಪುಟ್ಟರಾಜ ಗವಾಯಿ, ಪಿಟೀಲು ಚೌಡಯ್ಯ. ಈಗಿರುವ ರೂಪದಲ್ಲಿ ಇವನ್ನು ಪ್ರಕಟಿಸಲಾಗದು. ಆದರೂ ತಿದ್ದಿ ಮತ್ತೆ ಕಳಿಸಿ ಎನ್ನಲು ಗಟ್ಟಿ ಕಾರಣವಿದೆ. ಅದು ನಿಮ್ಮ ಎಂಟನೆಯ ಪ್ಯಾರಾದಲ್ಲಿ, ಪ್ರಶಸ್ತಿಗಳ ಪಟ್ಟಿಯ ನಡುವೆ ಸಿಕ್ಕಿಕೊಂಡಿದೆ: “ಗಂಗಜ್ಜಿಯ ಕತ್ತಿನ ಎರಡು ನರಗಳನ್ನು ನಾಲ್ಕು ಸಲ ಅಳಿಸಿ ಬರೆದೆ.”

ಸಾವಿರದ ಇನ್ನೂರು ಪದಗಳಲ್ಲಿ ನಿಮ್ಮದೇ ಎನ್ನಬಹುದಾದ ವಾಕ್ಯ ಇದೊಂದೇ. ಉಳಿದದ್ದು ಹುಟ್ಟಿದ ಊರು, ಗುರುಗಳು, ಬಿರುದು, ಸನ್ಮಾನ. ‘ನಾದಯೋಗಿ’ ಮೂರು ಕಡೆ, ‘ಸ್ವರಸಾಮ್ರಾಟ’ ಎರಡು ಕಡೆ ಬಂದಿದೆ. ಯಾವ ಬಿರುದನ್ನು ಯಾರ ಹೆಸರಿನಿಂದ ತೆಗೆದು ಯಾರ ಹೆಸರಿಗೆ ಅಂಟಿಸಿದರೂ ಪ್ಯಾರಾ ಕದಲುವುದಿಲ್ಲ. ಅಂದರೆ ಆ ಪದಗಳು ಯಾರ ಬಗ್ಗೆಯೂ ಏನನ್ನೂ ಹೇಳುತ್ತಿಲ್ಲ. ಒಂದು ಮುಖವನ್ನು ಹದಿನೈದು ಇಪ್ಪತ್ತು ಗಂಟೆ ದಿಟ್ಟಿಸಿ ನೋಡಿದವರು ನೀವು. ನಮ್ಮ ಓದುಗರಲ್ಲಿ ಆ ಕೆಲಸ ಮಾಡಿದವರು ಬಹಳ ಕಡಿಮೆ. ಆ ಕತ್ತನ್ನು ಯಾಕೆ ನಾಲ್ಕು ಸಲ ಅಳಿಸಬೇಕಾಯಿತು? ನಾವು ನರ ಎನ್ನುವುದು ನಿಜಕ್ಕೂ ಸ್ನಾಯು: ಕಿವಿಯ ಹಿಂದಿನ ಎಲುಬಿನಿಂದ ಓರೆಯಾಗಿ ಇಳಿದು ಕೊರಳಗುಂಡಿಯ ಬಳಿ ಬಂದು ಸೇರುತ್ತದೆ. ತಲೆ ಒಂದು ಕಡೆ ಹೊರಳಿದಾಗ ಎದುರು ಬದಿಯದು ಉಬ್ಬಿ ನಿಲ್ಲುತ್ತದೆ. ನೀವು ಎರಡನ್ನೂ ಸಮವಾಗಿ ಉಬ್ಬಿಸಿ ಬರೆದಿರಬೇಕು, ಅದಕ್ಕೇ ಕತ್ತು ಮರದಂತೆ ಕಂಡಿರಬೇಕು. ಇದನ್ನು ಲೇಖನದಲ್ಲಿ ಬರೆಯಿರಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾದ ಗಂಗೂಬಾಯಿಯವರ ದನಿಯ ಮಾತು ಇಲ್ಲಿ ಬಂದರೆ ಅದಕ್ಕೊಂದು ಜಾಗ ಸಿಗುತ್ತದೆ. ಈಗ ಅದು ಪದ್ಮವಿಭೂಷಣದ ಹಿಂದೆ ಅನಾಥವಾಗಿ ನಿಂತಿದೆ.

ಕೆಲವು ತಪ್ಪುಗಳನ್ನು ತಿದ್ದಲೇಬೇಕು. ಮನಸೂರರನ್ನು ಕಿರಾಣಾ ಘರಾಣೆಗೆ, ಅಂದರೆ ಆ ಗಾಯನ ಪರಂಪರೆಗೆ, ಸೇರಿಸಿದ್ದೀರಿ. ಅವರ ಮೊದಲ ಪಾಠ ನೀಲಕಂಠಬುವಾ ಅವರಲ್ಲಿ, ಗ್ವಾಲಿಯರ್ ಪದ್ಧತಿಯದು. ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್, ಬುರ್ಜೀಖಾನರಿಂದ ಬಂದದ್ದು ಜೈಪುರ–ಅತ್ರೌಲಿ ಘರಾಣೆಯ ಹಾಡುಗಾರಿಕೆ. ಕಿರಾಣಾದವರು ಗಂಗೂಬಾಯಿ ಮತ್ತು ಭೀಮಸೇನರು. ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಭೀಮಸೇನರಿಗೆ ಭಾರತರತ್ನ ಮರಣೋತ್ತರವಾಗಿ ಬಂತು ಎಂದಿದ್ದೀರಿ. ಅದು ಘೋಷಣೆಯಾದದ್ದು 2008ರಲ್ಲಿ, ಅವರು ತೀರಿಕೊಂಡದ್ದು 2011ರಲ್ಲಿ. ಇನ್ನು ಚೌಡಯ್ಯನವರು ಹೆಸರಾದದ್ದು ಪಿಟೀಲು ವಾದಕರಾಗಿ, ಹಾಗಾಗಿ ‘ಗಾಯಕರು’ ಎಂಬ ತಲೆಬರಹವೂ ನಿಲ್ಲುವುದಿಲ್ಲ.

ಚೌಡಯ್ಯನವರ ಚಿತ್ರದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬರಹದಲ್ಲಿ ಏಳು ತಂತಿಯ ಪಿಟೀಲು ಎಂದು ಎರಡು ಸಲ ಹೇಳಿದ್ದೀರಿ, ಚಿತ್ರದಲ್ಲಿ ನಾಲ್ಕೇ ತಂತಿ, ಅವನ್ನು ಬಿಗಿಸುವ ನಾಲ್ಕೇ ಬಿರಡೆ. ವಾದ್ಯ ಗದ್ದದ ಕೆಳಗಿದೆ, ಪಾಶ್ಚಾತ್ಯ ವಾದಕರು ಹಿಡಿಯುವ ಹಾಗೆ. ಕರ್ನಾಟಕ ಸಂಗೀತದಲ್ಲಿ ನೆಲಕ್ಕೆ ಕೂತು, ಪಿಟೀಲಿನ ಸುರುಳಿತುದಿಯನ್ನು ಬಲಗಾಲಿನ ಹರಡಿನ ಬಳಿ ಊರಿ, ಇನ್ನೊಂದು ತುದಿಯನ್ನು ಎಡ ಎದೆಗೆ ಒರಗಿಸಿ ನುಡಿಸುತ್ತಾರೆ. ವಾದ್ಯ ಹಾಗೆ ಭದ್ರವಾಗಿ ಕೂತಿರುವುದರಿಂದಲೇ ಎಡಗೈ ಸ್ವರವನ್ನು ತೂಗಾಡಿಸುವ ಗಮಕಕ್ಕಾಗಿ ಮೇಲೆ ಕೆಳಗೆ ಸಲೀಸಾಗಿ ಜಾರಬಲ್ಲದು. ಮುಖಕ್ಕೆ ಒಂದು ಫೋಟೊ, ವಾದ್ಯಕ್ಕೆ ಇನ್ನೊಂದು ಫೋಟೊ ನೋಡಿ ಜೋಡಿಸಿದ್ದೀರಿ ಎಂಬುದಕ್ಕೆ ನೆರಳೇ ಸಾಕ್ಷಿ: ಮೂಗಿನ ನೆರಳು ಬಲಕ್ಕೆ ಬಿದ್ದಿದೆ, ಕಮಾನಿನದು ಎಡಕ್ಕೆ. ಧ್ವನಿವರ್ಧಕ ಇಲ್ಲದ ಸಭೆಗಳಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಆ ಹೆಚ್ಚಿನ ಮೂರು ತಂತಿಗಳನ್ನು ಸೇರಿಸಿದವರ ಚಿತ್ರದಲ್ಲಿ ಅವೇ ಇಲ್ಲದಿದ್ದರೆ ಸಂಗೀತ ಬಲ್ಲ ಓದುಗರು ಮುಖದ ಹೋಲಿಕೆ ನೋಡುವ ಮೊದಲೇ ಪುಟ ತಿರುಗಿಸುತ್ತಾರೆ.

ಹೋಲಿಕೆಯಲ್ಲಿ ನಿಮ್ಮ ಕೈ ಒಳ್ಳೆಯದು. ಒಂದು ಸೆಂಟಿಮೀಟರಿನ ಚೌಕ ಹಾಕಿ ಅಳತೆ ಹಿಡಿದಿದ್ದೀರಿ, ಕಣ್ಣುಗಳ ನಡುವಿನ ಅಂತರ ಐದರಲ್ಲೂ ಸರಿಯಾಗಿದೆ. ಆದರೆ ಚೌಕದ ಗೆರೆಗಳನ್ನು ಗಟ್ಟಿ ಪೆನ್ಸಿಲಿನಿಂದ ಒತ್ತಿ ಎಳೆದಿದ್ದೀರಿ. ಎಚ್ ದರ್ಜೆಯ ಗಟ್ಟಿ ಸೀಸ ಕಾಗದದಲ್ಲಿ ಗೀರು ಕೊರೆಯುತ್ತದೆ. ರಬ್ಬರಿನಿಂದ ಸೀಸ ಹೋದರೂ ಗೀರು ಹೋಗುವುದಿಲ್ಲ. ಮೇಲೆ ನೆರಳು ತುಂಬಿದಾಗ ಅದು ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಮನಸೂರರ ಕೆನ್ನೆಯ ಮೇಲೆ ಅಂಥವು ಮೂರಿವೆ. ಮಧ್ಯಮ ಗಡುಸಿನ ಎಚ್‌ಬಿ ಸಾಕು, ಪೆನ್ಸಿಲನ್ನು ಹಿಂದಕ್ಕೆ ಹಿಡಿದು ಹಗುರಾಗಿ ಎಳೆಯಿರಿ. ಅದೇ ಚಿತ್ರದಲ್ಲಿ ಟೊಪ್ಪಿಗೆ ಇರುವುದರಿಂದ ನೆತ್ತಿ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಹಣೆ ಕುಗ್ಗಿದೆ. ಟೊಪ್ಪಿಗೆಯ ಒಳಗಿನ ತಲೆಬುರುಡೆಯನ್ನು ಮೊದಲು ತೆಳುವಾಗಿ ಬರೆದುಕೊಳ್ಳಿ. ಕಣ್ಣು ನೆತ್ತಿಗೂ ಗದ್ದಕ್ಕೂ ಸರಿಸುಮಾರು ನಡುವೆ ಬರಬೇಕು. ಬಿಳಿ ಟೊಪ್ಪಿಗೆಗೆ ಸುತ್ತಲೂ ಕಪ್ಪು ಗೆರೆಯೂ ಬೇಡ. ಹಿನ್ನೆಲೆಗೆ ಮೆತ್ತನೆಯ 2ಬಿ ಪೆನ್ಸಿಲಿನಲ್ಲಿ ತೆಳು ನೆರಳು ಕೊಟ್ಟರೆ ಬಿಳಿ ತಾನಾಗಿ ಮೂಡುತ್ತದೆ.

ಭೀಮಸೇನರ ತೆರೆದ ಬಾಯಿಯಲ್ಲಿ ಹಲ್ಲುಗಳನ್ನು ಒಂದೊಂದಾಗಿ ಗೆರೆ ಹಾಕಿ ಬಿಡಿಸಿದ್ದೀರಿ. ವೇಗದ ಸ್ವರಸರಣಿಯಾದ ತಾನ್ ಹಾಡುತ್ತಿರಬೇಕಾದ ಬಾಯಿ ಜೋಳದ ತೆನೆಯಂತೆ ಕಾಣುತ್ತಿದೆ. ಹಲ್ಲುಗಳ ನಡುವೆ ಗೆರೆ ಎಳೆಯಬೇಡಿ. ಒಸಡಿನ ಕಡೆ ಸಣ್ಣ ತ್ರಿಕೋನದ ನೆರಳು ಸಾಕು. ಹಲ್ಲು ಕಾಗದದಷ್ಟು ಬಿಳಿಯೂ ಅಲ್ಲ, ಮೇಲ್ದುಟಿಯ ನೆರಳು ಅದರ ಮೇಲೆ ಬೀಳುತ್ತದೆ. ಬಾಯಿಯ ಎರಡು ಮೂಲೆಗಳು ಮಾತ್ರ ಕಡುಗಪ್ಪಾಗಲಿ.

ಪುಟ್ಟರಾಜ ಗವಾಯಿಗಳ ಕಣ್ಣುಗಳಲ್ಲಿ ಹೊಳೆವ ಬಿಳಿ ಚುಕ್ಕೆ ಇಟ್ಟು, ಅವರು ನಮ್ಮನ್ನೇ ನೋಡುತ್ತಿರುವ ಹಾಗೆ ಮಾಡಿದ್ದೀರಿ. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು ಅವರು. ಕೈ ತನ್ನ ಅಭ್ಯಾಸದಿಂದ ಚುಕ್ಕೆ ಇಟ್ಟಿದೆ, ಫೋಟೊ ನೋಡಿ ಅಲ್ಲ. ಆ ಮುಖದಲ್ಲಿ ಗಮನ ಇರುವುದು ಕಿವಿಯ ಕಡೆಗೆ. ತಲೆಯ ವಾಲು, ಹುಬ್ಬಿನ ನಡುವಿನ ಬಿಗಿ ಇವನ್ನು ಹಿಡಿದರೆ ಚಿತ್ರ ತಾನೇ ನಿಲ್ಲುತ್ತದೆ.

ಗಂಗೂಬಾಯಿಯವರ ಕೆನ್ನೆಯನ್ನು ಬೆರಳಿನಿಂದ ತೀಡಿ ನುಣುಪು ಮಾಡಿದ್ದೀರಿ. ಬೆರಳಿನ ಜಿಡ್ಡು ಕಾಗದಕ್ಕೆ ಹತ್ತಿದ ಕಡೆ ಸೀಸ ಕಲೆಗಟ್ಟುತ್ತದೆ, ಅಳಿಸಿದರೂ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಆ ವಯಸ್ಸು ಅಳಿಸಿಹೋಗಿದೆ. ಸುಕ್ಕು ಎಂದರೆ ಗೆರೆಯಲ್ಲ, ಒಂದು ಸಣ್ಣ ತಗ್ಗು: ಒಂದು ಬದಿ ನೆರಳು, ಪಕ್ಕದಲ್ಲೇ ಬೆಳಕಿನ ಅಂಚು. ತಗ್ಗನ್ನು ಎಚ್‌ಬಿಯಲ್ಲಿ ತೋರಿಸಿ, ಅಂಚಿನ ಬೆಳಕನ್ನು ಹಿಟ್ಟಿನಂತೆ ನಾದಬಹುದಾದ ನೀಡಬಲ್ ಇರೇಸರ್ ಚೂಪು ಮಾಡಿ ಎತ್ತಿಕೊಳ್ಳಿ. ತೀಡಲೇಬೇಕಾದ ಕಡೆ ಕಾಗದದ ಸುರುಳಿ ಬಳಸಿ. ಅವರ ಹಿಂದಿನ ತಂಬೂರಿಯಲ್ಲಿ ಐದು ತಂತಿ ಎಣಿಸಿದೆವು. ತಂಬೂರಿಗೆ ಸಾಮಾನ್ಯವಾಗಿ ಇರುವುದು ನಾಲ್ಕು.

ಇಷ್ಟೆಲ್ಲ ಆಗಿರುವುದು ಪ್ರಿಂಟರಿಗೆ ಹಾಕುವ ತೆಳು ಕಾಗದದ ಮೇಲೆ ಎಂದು ತೋರುತ್ತದೆ. ಅದರಲ್ಲಿ ಸೀಸ ಹಿಡಿದಿಟ್ಟುಕೊಳ್ಳುವ ತರಿ ಇಲ್ಲ. ಎರಡು ಪದರ ತುಂಬಿದ ಮೇಲೆ ಪೆನ್ಸಿಲ್ ಜಾರುತ್ತದೆ, ನೀವು 8ಬಿ ಒತ್ತುತ್ತೀರಿ, ಕಪ್ಪಾಗುವ ಬದಲು ಅದು ಮಿರುಗುತ್ತದೆ, ಸ್ಕ್ಯಾನಿನಲ್ಲಿ ಬೂದುಬಣ್ಣವಾಗುತ್ತದೆ. 150ರಿಂದ 200 ಜಿಎಸ್‌ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಕಾರ್ಟ್ರಿಜ್ ಎಂಬ ಚಿತ್ರ ಬರೆಯುವ ಕಾಗದ ತೆಗೆದುಕೊಳ್ಳಿ. 2ಬಿ, 4ಬಿ, 6ಬಿ ಹಗುರ ಪದರಗಳಲ್ಲಿ ಹೋಗಿ. ತೀರ ಕಡುಗಪ್ಪು ಬೇಕಾದ ಕಡೆ ಇದ್ದಿಲ ಪೆನ್ಸಿಲನ್ನು ಮೊದಲೇ ಹಾಕಿಬಿಡಿ; ಮಿರುಗುವ ಸೀಸದ ಮೇಲೆ ಇದ್ದಿಲು ಹಿಡಿಯುವುದಿಲ್ಲ.

ಫೋಟೊಗಳ ಹಕ್ಕಿನ ಬಗ್ಗೆಯೂ ಗಮನವಿರಲಿ. ನಮ್ಮ ಕಾನೂನಿನಲ್ಲಿ ಫೋಟೊ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಚೌಡಯ್ಯನವರ 1950ರ ದಶಕದಲ್ಲಿ ಪ್ರಕಟವಾದ ಫೋಟೊಗೆ ಆ ಅವಧಿ ಮುಗಿದಿದೆ; ಭೀಮಸೇನರ 1980ರ ದಶಕದ ಕಛೇರಿ ಫೋಟೊವನ್ನು ಹಾಗೇ ನಕಲಿಸಿ ಬರೆದರೆ ಹಕ್ಕು ಇರುವವರ ಅನುಮತಿ ಬೇಕು. ಯಾವ ಚಿತ್ರಕ್ಕೆ ಯಾವ ಫೋಟೊ ನೋಡಿದಿರಿ, ಅದು ಎಲ್ಲಿ ಸಿಕ್ಕಿತು ಎಂದು ಬರೆದು ಕಳಿಸಿ.

ಐದೂ ಬೇಡ. ಗಂಗೂಬಾಯಿ ಮತ್ತು ಚೌಡಯ್ಯ, ಇಬ್ಬರು ಸಾಕು. ಒಬ್ಬೊಬ್ಬರಿಗೆ 400 ಪದ, ಕತ್ತಿನಿಂದಲೋ ಕೈಯಿಂದಲೋ ಶುರುವಾಗಲಿ, ಹುಟ್ಟಿದ ಇಸವಿಯಿಂದ ಬೇಡ. ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಕಾಗದ ಹಳದಿಯಾಗಿದೆ, ಒಂದು ಬದಿ ಕಿರಿದಾಗಿದೆ. 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ), ಗ್ರೇಸ್ಕೇಲಿನಲ್ಲಿ (ಬೂದು ಛಾಯೆಗಳಲ್ಲಿ) ಸ್ಕ್ಯಾನ್ ಮಾಡಿಸಿ. ಕಳಿಸುವ ಮೊದಲು ಎಂಟು ಸೆಂಟಿಮೀಟರ್ ಅಗಲಕ್ಕೆ ಇಳಿಸಿ ಒಂದು ಜೆರಾಕ್ಸ್ ತೆಗೆಸಿ ನೋಡಿ. ನಮ್ಮ ಪುಟದ ಕಾಲಂ ಅಷ್ಟೇ ಅಗಲ. ಆ ಅಳತೆಯಲ್ಲೂ ಕತ್ತಿನ ಸ್ನಾಯು ಕಂಡರೆ ಕಳಿಸಿ, ಕಾಯುತ್ತಿರುತ್ತೇವೆ.

ಸಂಪಾದಕರು