ನಮ್ಮ ಅಂಗಳಕ್ಕೆ ಯಾರು ಯಾರು ಬರುತ್ತಿದ್ದರು

ದಾವಣಗೆರೆಯಿಂದ ಕೇಳಿದವರಿಗೆ ನಮಸ್ಕಾರ. “ಕಾಸರಗೋಡಿನಲ್ಲಿ ಈಗ ಎಲ್ಲರೂ ಮಲಯಾಳವೇ ಮಾತಾಡ್ತಾರಂತೆ, ಕನ್ನಡದವರ ಬದುಕೇ ಬದಲಾಗಿದೆಯಂತೆ, ಹೌದಾ?” ಅಂತ ಕೇಳಿದ್ದೀರಿ. ಬದಲಾಗಿದೆ, ಹೌದು. ಭಾಷೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಮನೆಯ ಅಂಗಳದ ವಿಷಯ ಹೇಳಬೇಕು. ಅದು ಗೊತ್ತಾಗದೆ ಇದು ಗೊತ್ತಾಗುವುದಿಲ್ಲ.

ನಾನು ಹುಟ್ಟಿದ್ದು ನೀರ್ಚಾಲು ಕಡೆ, ಮದುವೆಯಾಗಿ ಬಂದದ್ದು ಪೆರ್ಲದ ಹತ್ತಿರ. ಎರಡೂ ಕಾಸರಗೋಡು ಜಿಲ್ಲೆಯೇ. ಪೆರ್ಲದಿಂದ ವಿಟ್ಲದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಸಾರಡ್ಕ, ಅದು ದಾಟಿದರೆ ಕರ್ನಾಟಕ. ನನಗೀಗ 60 ದಾಟಿದೆ.

ಗಡಿಯ ಕಥೆ ನಿಮಗೆ ಗೊತ್ತಿರಬಹುದು. ಕಾಸರಗೋಡು ಮೊದಲು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಳ್ಳುವವರೆಗೂ ಆ ಮಾತು ಬಿಡಲಿಲ್ಲ. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಇದೆಲ್ಲ ದೊಡ್ಡ ವಿಷಯವೇ. ಆದರೆ ನನ್ನ ಅತ್ತೆಗೆ ಪೇಟೆ ಅಂದರೆ ಕೊನೆಯವರೆಗೂ ಕೊಡೆಯಾಲವೇ. ಕೊಡೆಯಾಲ ಅಂದರೆ ಮಂಗಳೂರು. ಆಸ್ಪತ್ರೆ ಅಲ್ಲಿ, ಮದುವೆ ಸೀರೆ ಅಲ್ಲಿ, ಹೆಣ್ಣು ಕೊಡುವುದು ತರುವುದು ಪುತ್ತೂರು, ವಿಟ್ಲ, ಸುಳ್ಯ ಕಡೆ. ನಕ್ಷೆ ಬದಲಾದ ಮೇಲೂ ಎಷ್ಟೋ ವರ್ಷ ಮನುಷ್ಯರು ನಡೆಯುವ ದಾರಿ ಬದಲಾಗಿರಲಿಲ್ಲ.

ಈಗ ಅಂಗಳ. ನಮ್ಮಲ್ಲಿ ಮನೆಗಳು ಒತ್ತಾಗಿ ಇರುವುದಿಲ್ಲ. ಗುಡ್ಡದ ಬುಡದಲ್ಲಿ ಒಂದು ಮನೆ, ಎದುರಿಗೆ ಅಂಗಳ, ಕೆಳಗೆ ಅಡಕೆ ತೋಟ. ಮುಂದಿನ ಮನೆಗೆ ತೋಡು, ಅಂದರೆ ಸಣ್ಣ ಹಳ್ಳ, ದಾಟಲು ಸಂಕದ (ಕಾಲುಸೇತುವೆಯ) ಮೇಲೆ ನಡೆದು ಹೋಗಬೇಕು. ನಿಮ್ಮ ಕಡೆಯ ಹಾಗೆ ಬೀದಿ, ಓಣಿ, ಊರ ಮಧ್ಯದ ಕಟ್ಟೆ ಇಲ್ಲಿ ಇಲ್ಲ. ಹಾಗಾಗಿ ಊರು ಸೇರುವುದು ಅಂದರೆ ಯಾರದಾದರೂ ಅಂಗಳದಲ್ಲಿ ಸೇರುವುದು.

ನಾನು ಚಿಕ್ಕವಳಿದ್ದಾಗ ಒಂದು ದಿನಕ್ಕೆ ನಮ್ಮ ಅಂಗಳದಲ್ಲಿ ಎಷ್ಟು ಭಾಷೆ ಕೇಳಿಸುತ್ತಿತ್ತು ಅಂತ ಈಗ ಎಣಿಸಿದರೆ ಆಶ್ಚರ್ಯವಾಗುತ್ತದೆ. ಮನೆಯೊಳಗೆ ನಮ್ಮ ಹವ್ಯಕ ಭಾಷೆ. ಕೆಲಸಕ್ಕೆ ಬರುವವರ ಹತ್ತಿರ ತುಳು. ಅಡಕೆ ಕೊಳ್ಳಲು ಬರುವ ಸಾಹೇಬರ ಹತ್ತಿರ ಅವರ ಮಲಯಾಳ. ಗುಡ್ಡದ ಮೇಲಿನ ಮರಾಟಿಗರ ಮನೆಯವರು ತಮ್ಮತಮ್ಮಲ್ಲಿ ಮರಾಟಿ, ನಮ್ಮ ಹತ್ತಿರ ತುಳು. ಪೇಟೆಯ ಅಂಗಡಿಯವರದು ಕೊಂಕಣಿ. ಶಾಲೆಯ ಮೇಷ್ಟ್ರು ಬಂದರೆ ಅಪ್ಪ ಎದ್ದು ನಿಂತು ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಿದ್ದರು. ಇದನ್ನು ಯಾರೂ ನಮಗೆ ಕಲಿಸಲಿಲ್ಲ. ಎದುರಿಗೆ ಯಾರಿದ್ದಾರೋ ಅವರ ಮಾತು ನಾಲಿಗೆಗೆ ಬರುತ್ತಿತ್ತು, ಅಷ್ಟೇ. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಅಂತ ಭಾಷಣದಲ್ಲಿ ಹೇಳುತ್ತಾರಲ್ವಾ, ನನ್ನ ಮಟ್ಟಿಗೆ ಅದು ನಮ್ಮ ಅಂಗಳವೇ.

ಬಂದವರಿಗೆಲ್ಲ ಮೊದಲು ಬೆಲ್ಲ ಮತ್ತು ನೀರು. ಈ ಮಾತು ಹೇಳಿ ನಿಲ್ಲಿಸಿದರೆ ಮಾತ್ರ ನಾನು ನಿಮಗೆ ಸುಳ್ಳು ಹೇಳಿದ ಹಾಗೆ. ಬೆಲ್ಲ ನೀರು ಎಲ್ಲಿ ಕೊಡುತ್ತಿದ್ದೆವು ಅನ್ನುವುದರಲ್ಲಿ ಲೆಕ್ಕ ಇತ್ತು. ಕೆಲವರಿಗೆ ಜಗಲಿಯಲ್ಲಿ ಚಾಪೆ. ಕೆಲವರು ಮೆಟ್ಟುಕಲ್ಲಿನವರೆಗೆ. ಕೆಲವರು ಅಂಗಳದ ಅಂಚಿನಲ್ಲೇ ನಿಲ್ಲಬೇಕು. ಅವರಿಗೆ ನೀರು ಗೆರಟೆಯಲ್ಲಿ, ಅಂದರೆ ತೆಂಗಿನ ಚಿಪ್ಪಿನಲ್ಲಿ, ಊಟ ಅಡಕೆ ಹಾಳೆಯಲ್ಲಿ, ಅದೂ ದೂರದಿಂದ ಹಾಕುವುದು. ನಮ್ಮ ತೋಟಕ್ಕೆ ಗೊಬ್ಬರ ಹೊತ್ತ ಒಬ್ಬ ಅಜ್ಜಿ ಇದ್ದಳು, ನನ್ನನ್ನು ಎತ್ತಿ ಆಡಿಸಬೇಕು ಅಂತ ಅವಳಿಗೆ ಆಸೆ. ಆಡಿಸಲು ಬಿಡುತ್ತಿರಲಿಲ್ಲ. ನಾನೇ ಓಡಿಹೋಗಿ ಮುಟ್ಟಿದರೆ ನನಗೆ ಸ್ನಾನ. ಹಿಂದಿನ ಕಾಲವೇ ಚೆನ್ನಾಗಿತ್ತು ಅಂತ ಯಾರಾದರೂ ಹೇಳಿದಾಗ ನನಗೆ ಆ ಅಜ್ಜಿ ನೆನಪಾಗುತ್ತಾಳೆ. ನನ್ನ ಕಾಲದ ಹೆಂಗಸರಿಗೂ ತಿಂಗಳಿಗೆ ಮೂರು ದಿನ ಅದೇ ಅಂಗಳದ ಮೂಲೆ. ಹಾಗಾಗಿ ಅಂಚಿನಲ್ಲಿ ಕೂರುವುದು ಹೇಗಿರುತ್ತದೆ ಅಂತ ಚೂರಾದರೂ ಗೊತ್ತು.

ಇದನ್ನು ಅಲುಗಾಡಿಸಿದ್ದು ಭೂಮಿಯ ಕಾನೂನು. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಹೋಯಿತು. ಉಳುತ್ತಿದ್ದ ಒಕ್ಕಲಿಗೆ ಭೂಮಿ. ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ಜಾಗ. ಗಡಿಯಾಚೆ ಇಂಥ ಕಾನೂನು ಬಂದದ್ದು 1974ರಲ್ಲಿ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರು ನೀವು ಕೇಳಿರಲೇಬೇಕು. ಆ ಮಠ ನಮ್ಮ ಕಾಸರಗೋಡಿನದು. ಮಠದ ಭೂಮಿಗಾಗಿ ಅವರು ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು ಕೂತು 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಾಯಿಸುವ ಹಾಗಿಲ್ಲ ಅನ್ನುವ ಮಾತು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದ. ನಮ್ಮ ಊರಿನ ಗೇಣಿಯ ಜಗಳ ಎಲ್ಲಿಯವರೆಗೆ ಹೋಯಿತು ನೋಡಿ.

ನಮ್ಮಪ್ಪನಿಗೆ ಮೂರು ಒಕ್ಕಲುಗಳಿದ್ದವು. ಭೂಮಿ ಹೋಯಿತು ಅಂತ ಅಪ್ಪ ತುಂಬ ನೊಂದುಕೊಂಡರು. ಅವರ ನೋವು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಆ ಒಕ್ಕಲುಗಳ ಮಕ್ಕಳು ಶಾಲೆಗೆ ಬಂದರು, ನನ್ನ ಪಕ್ಕದ ಬೆಂಚಿನಲ್ಲಿ ಕೂತರು. ಒಬ್ಬಳು ನರ್ಸ್ ಆದಳು. ಗೇಣಿ ಅಕ್ಕಿ ಹೊತ್ತು ತಂದು ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುವ ಕೆಲಸ ಅವಳ ಅಪ್ಪನ ಕಾಲಕ್ಕೇ ಮುಗಿಯಿತು. ಅದು ಸರಿಯಾದದ್ದೇ ಆಯಿತು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಆಮೇಲೆ ಗಲ್ಫ್. ಊರಿನ ಎಷ್ಟೋ ಮನೆಯ ಗಂಡಸರು ದುಬೈ, ಅಬುಧಾಬಿ ಅಂತ ಹೋದರು. ಮಡಲಿನ ಮಾಡು, ಅಂದರೆ ತೆಂಗಿನ ಗರಿಯ ಸೂರು, ಇದ್ದ ಕಡೆ ತಾರಸಿ ಮನೆ ಬಂತು. ನಮ್ಮ ಕಡೆಯ ಮಕ್ಕಳು ಬೆಂಗಳೂರಿಗೆ ಹೋದರು. ಗದ್ದೆಗಳು ತೋಟವಾದವು. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಹೇಳುತ್ತಿದ್ದ ತುಳು ಹಾಡು ಪಾಡ್ದನ ನಿಂತಿತು. ಗದ್ದೆಯೇ ಇಲ್ಲದಿದ್ದರೆ ಎಲ್ಲಿ ನಿಂತು ಹೇಳುವುದು?

ನನಗೆ ಜಾಸ್ತಿ ಬೇಸರವಾಗುವುದು ಸುದರಿಕೆ ಹೋದದ್ದಕ್ಕೆ. ಈ ಶಬ್ದ ನಿಮ್ಮ ಕಡೆ ಇರಲಿಕ್ಕಿಲ್ಲ. ಮನೆಯಲ್ಲಿ ಮದುವೆ, ಉಪನಯನ ಏನಿದ್ದರೂ ನೆರೆಕರೆಯವರು ಬಂದು ಕೆಲಸ ಹಂಚಿಕೊಂಡು ನಡೆಸಿಕೊಡುವುದಕ್ಕೆ ಸುದರಿಕೆ ಅನ್ನುತ್ತೇವೆ. ಮೊದಲು ಹೇಳಿಕೆ. ಕಾಗದ ಕೊಟ್ಟರೆ ಸಾಲದು, ಮನೆಮನೆಗೆ ನಡೆದು ಹೋಗಿ ಹೇಳಬೇಕು. ನಾಲ್ಕು ದಿನ ಮುಂಚೆ ಚಪ್ಪರ. ಒಬ್ಬರು ಅಡಕೆ ಮರ ಕೊಡುತ್ತಾರೆ, ಒಬ್ಬರು ಬಾಳೆಎಲೆ. ಹಿಂದಿನ ರಾತ್ರಿ ತರಕಾರಿ ಕೊರೆಯಲು ತಮ್ಮತಮ್ಮ ಮೆಟ್ಟುಕತ್ತಿ ಹಿಡಿದುಕೊಂಡು, ಸೂಟೆ, ಅಂದರೆ ಒಣ ತೆಂಗಿನ ಗರಿಯ ಪಂಜು, ಬೀಸುತ್ತಾ ಬರುತ್ತಾರೆ. ದೂರದಿಂದ ಗುಡ್ಡ ಇಳಿದು ಬರುವ ಆ ಬೆಂಕಿಯ ಸಾಲು ನೋಡಲು ನಾವು ಮಕ್ಕಳು ಜಗಲಿಯಲ್ಲಿ ಕಾಯುತ್ತಿದ್ದೆವು. ಸೌತೆ, ಕುಂಬಳ, ಬದನೆ ಗುಡ್ಡೆಗುಡ್ಡೆಯಾಗಿ ಬೀಳುತ್ತಿತ್ತು. ಒಬ್ಬರು ಯಕ್ಷಗಾನದ ಪದ ಎತ್ತಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ನನಗೆ ಒಳ್ಳೆಯ ಕನ್ನಡ ಬಂದದ್ದು ಶಾಲೆಯಲ್ಲಿ ಅರ್ಧ, ಆ ಕೊರೆಯುವ ರಾತ್ರಿಗಳಲ್ಲಿ ಅರ್ಧ. ನಮ್ಮ ಕುಂಬಳೆಯ ಪಾರ್ತಿಸುಬ್ಬ ಬರೆದ ಪದಗಳನ್ನು ಓದು ಬಾರದವರೂ ಬಾಯಲ್ಲಿ ಹೇಳುತ್ತಿದ್ದರು. ಅಡಕೆ ಸುಲಿಯುವ ರಾತ್ರಿಗಳೂ ಹಾಗೇ.

ಈಗ ಹಾಲ್ ಇದೆ, ಕ್ಯಾಟರಿಂಗ್ ಇದೆ. ನನ್ನ ಮಗಳ ಮದುವೆಯನ್ನೂ ಹಾಲ್‌ನಲ್ಲೇ ಮಾಡಿದೆವು. ಬೇರೆ ದಾರಿ ಇರಲಿಲ್ಲ. ಸುದರಿಕೆಗೆ ಬರಬೇಕಾದ ಹುಡುಗರೆಲ್ಲ ಊರು ಬಿಟ್ಟಿದ್ದಾರೆ, ಇರುವವರಿಗೆ ನನ್ನಷ್ಟೇ ಮೊಣಕಾಲು ನೋವು. ಹೇಳಿಕೆ ವಾಟ್ಸಾಪ್‌ನಲ್ಲಿ ಹೋಗುತ್ತದೆ. ಅಡಕೆ ಸುಲಿಯಲು ಮೆಷಿನ್ ಬಂದಿದೆ, ಕೊಯ್ಯಲು ಫೈಬರ್ ದೋಟಿ, ಅಂದರೆ ಉದ್ದದ ಕೋಲು. ತೋಟದ ಕೆಲಸಕ್ಕೆ ಬಂಗಾಳ, ಅಸ್ಸಾಂ ಕಡೆಯ ಹುಡುಗರು ಬರುತ್ತಾರೆ. ಅವರಿಗಾಗಿ ನಾನು ಈ ವಯಸ್ಸಿನಲ್ಲಿ ಹಿಂದಿ ಕಲಿತೆ.

ಹಾಗಾದರೆ ಅಂಗಳ ಖಾಲಿಯಾಯಿತಾ? ಇಲ್ಲ. 1998ರಲ್ಲಿ ಕೇರಳದಲ್ಲಿ ಕುಟುಂಬಶ್ರೀ ಶುರುವಾಯಿತು. ನೆರೆಕರೆಯ ಹೆಂಗಸರು ಸೇರಿ ಉಳಿತಾಯ, ಸಾಲ ನಡೆಸುವ ಗುಂಪು. ಅದಕ್ಕೆ ಅಯಲ್‌ಕೂಟ ಅನ್ನುತ್ತೇವೆ, ಮಲಯಾಳದ ಶಬ್ದವೇ. ವಾರಕ್ಕೊಮ್ಮೆ ಸರದಿಯಲ್ಲಿ ಒಬ್ಬೊಬ್ಬರ ಮನೆಯಲ್ಲಿ ಸೇರಬೇಕು. ನಮ್ಮ ಮನೆಯ ಸರದಿ ಮೊದಲ ಸಲ ಬಂದ ದಿನ ಅತ್ತೆ ಅಡಿಗೆ ಮನೆಯಿಂದ ಹೊರಗೆ ಬರಲಿಲ್ಲ. ಎಲ್ಲ ಜಾತಿಯವರೂ ಜಗಲಿಯಲ್ಲಿ ಕೂತಿದ್ದರು. ಗುಂಪಿನ ಲೆಕ್ಕ ಬರೆಯುತ್ತಿದ್ದವಳ ಅಜ್ಜಿ ಒಂದು ಕಾಲದಲ್ಲಿ ಇದೇ ಅಂಗಳದ ಅಂಚಿನಲ್ಲಿ ಗೆರಟೆಯಲ್ಲಿ ನೀರು ಕುಡಿದವಳು. ನಾನು ಎಲ್ಲರಿಗೂ ಒಂದೇ ತರದ ಸ್ಟೀಲ್ ಲೋಟದಲ್ಲಿ ಚಾ ಕೊಟ್ಟೆ. ಕೈ ನಡುಗುತ್ತಿತ್ತು. ನಾಲ್ಕೈದು ಸರದಿ ಕಳೆದ ಮೇಲೆ ಅತ್ತೆಯೇ ಹೊರಗೆ ಬಂದು ಅವಳ ಹತ್ತಿರ ಪಿಂಚಣಿ ಅರ್ಜಿ ತುಂಬಿಸಿಕೊಂಡರು. ಕೆಳಗೆ ಕೂತು ಬರೆಯುತ್ತಿದ್ದವಳಿಗೆ “ಬೆನ್ನು ನೋವಾಗ್ತದೆ, ಮೇಲೆ ಕೂತು ಬರಿ ಮಗಾ” ಅಂದರು.

ಈಗ ನಿಮ್ಮ ಭಾಷೆಯ ಪ್ರಶ್ನೆ. ಅಯಲ್‌ಕೂಟದಲ್ಲಿ ನಾವು ತುಳು, ಕನ್ನಡ ಮಾತಾಡುತ್ತೇವೆ. ಆದರೆ ಮೇಲಿನಿಂದ ಬರುವ ಕಾಗದ ಹೆಚ್ಚಾಗಿ ಮಲಯಾಳದಲ್ಲಿ. ಉದ್ಯೋಗ ಖಾತರಿಗೆ ನಾವು ಹೇಳುವುದೇ ತೊಳಿಲುರಪ್ಪು ಅಂತ. ಮುಂಚೆ ಮಲಯಾಳ ನಮಗೆ ಅಡಕೆ ಸಾಹೇಬರ ಮುಖದ ಜೊತೆ ಬರುತ್ತಿತ್ತು, ಪ್ರೀತಿಯಿಂದಲೇ ಆಡುತ್ತಿದ್ದೆವು. ಈಗ ಅರ್ಜಿಯ ಜೊತೆ, ಪರೀಕ್ಷೆಯ ಜೊತೆ, ಕೆಲಸದ ಜೊತೆ ಬರುತ್ತದೆ. ಬಾರದಿದ್ದರೆ ಸಾಲಿನಲ್ಲಿ ಹಿಂದೆ ನಿಲ್ಲಬೇಕು. ಬೇಸರ ಇರುವುದು ಇದಕ್ಕೆ, ಮಲಯಾಳಿಗಳ ಮೇಲೆ ಅಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದ ಉದಾಹರಣೆಗಳಿವೆ, ಪ್ರತಿಭಟನೆಗಳೂ ಆಗಿವೆ. ಎಂಟು ವರ್ಷದ ಮಗು ಅರ್ಥವಾಗದ ಮಾತು ಕೇಳುತ್ತಾ ಇಡೀ ದಿನ ಕೂರುವುದನ್ನು ಸುಮ್ನೆ ಯೋಚಿಸಿ ನೋಡಿ.

ಆದರೆ ಇನ್ನೊಂದನ್ನೂ ಹೇಳಬೇಕು. ನನ್ನ ಮೊಮ್ಮಗನನ್ನು ಕನ್ನಡ ಶಾಲೆಯಿಂದ ಬಿಡಿಸಿದ್ದು ಯಾವ ಸರಕಾರವೂ ಅಲ್ಲ. ನಾವೇ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು. ಅವನಿಗೆ ಮಲಯಾಳ ಬರುತ್ತದೆ, ಇಂಗ್ಲಿಷ್ ಬರುತ್ತದೆ. ತುಳು ಬರುವುದಿಲ್ಲ, ಯಾಕೆಂದರೆ ಅಂಗಳದಲ್ಲಿ ಅವನ ಜೊತೆ ತುಳುವಿನಲ್ಲಿ ಆಡುವ ಮಕ್ಕಳಿಲ್ಲ. ಕನ್ನಡ ಓದಲು ರಾತ್ರಿ ನಾನು ಕೂರಿಸುತ್ತೇನೆ. ಒತ್ತಕ್ಷರಕ್ಕೆ ಇನ್ನೂ ತಡವರಿಸುತ್ತಾನೆ.

ಗಡಿ ಅಂದರೆ ಏನು ಅಂತ ನಮಗೆ ನಿಜವಾಗಿ ಗೊತ್ತಾದದ್ದು 2020ರ ಮಾರ್ಚ್ ಕೊನೆಯಲ್ಲಿ. ಕೊರೋನಾ ಅಂತ ಮಂಗಳೂರಿಗೆ ಹೋಗುವ ದಾರಿಗಳಿಗೆ ಮಣ್ಣು ಬಿತ್ತು. ಆಂಬುಲೆನ್ಸ್ ಕೂಡ ದಾಟಲಾಗದ ದಿನಗಳವು. ಆಸ್ಪತ್ರೆ ಮುಟ್ಟದೆ ಜೀವ ಬಿಟ್ಟವರಿದ್ದಾರೆ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನನ್ನ ಗಂಡನ ಹೃದಯದ ಮಾತ್ರೆ ಆಗ ಮುಗಿಯುತ್ತಾ ಬಂದಿತ್ತು. ಕೇರಳಕ್ಕೆ ಸೇರಿದ ಮೇಲೂ 60ಕ್ಕೂ ಹೆಚ್ಚು ವರ್ಷ ನಮ್ಮದು ಅಂದುಕೊಂಡಿದ್ದ ದಿಕ್ಕು ಮುಚ್ಚಿತ್ತು. ಮಾತ್ರೆ ಹುಡುಕಿ ತಂದವನು ಅಡಕೆ ಸಾಹೇಬರ ಮೊಮ್ಮಗ, ದಕ್ಷಿಣಕ್ಕೆ ಹೋಗಿ ತಂದ. ಅಂಗಳದ ಅಂಚಿನಲ್ಲಿ ನಿಂತು ಮೆಟ್ಟುಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದ. ಆಗಿನ ನಿಯಮ ಹಾಗಿತ್ತಲ್ವಾ. ಒಳಗೆ ಬಾ ಅನ್ನುವ ಹಾಗೂ ಇರಲಿಲ್ಲ. ಅವನಿಗೆ ಬೆಲ್ಲ ನೀರು ಕೊಡಲಾಗಲಿಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಆಮೇಲೆ ಎಷ್ಟು ಸಲ ಕೊಟ್ಟರೂ ಆ ಒಂದು ಸಲದ್ದು ಹಾಗೇ ಉಳಿದಿದೆ.

ನೀವು ಬರುವುದಾದರೆ ಜನವರಿ, ಫೆಬ್ರವರಿಯಲ್ಲಿ ಬನ್ನಿ. ಮಂಗಳೂರಿನಿಂದ ವಿಟ್ಲಕ್ಕೆ ಬಂದು ಪೆರ್ಲದ ಬಸ್ಸು ಹಿಡಿಯಿರಿ. ಯಾರ ಹತ್ತಿರ ಬೇಕಾದರೂ ಕನ್ನಡದಲ್ಲೇ ದಾರಿ ಕೇಳಿ, ಹೇಳುತ್ತಾರೆ. ಆಗ ಅಂಗಳದ ತುಂಬ ಅಡಕೆ ಒಣಗಲು ಹಾಕಿರುತ್ತೇವೆ. ಕಾಲಿಡಲು ಜಾಗವಿಲ್ಲ ಅಂತ ಅಂಚಿನಲ್ಲೇ ನಿಲ್ಲಬೇಡಿ. ಎಡಬದಿಯಲ್ಲಿ ಒಬ್ಬರು ನಡೆಯುವಷ್ಟು ದಾರಿ ಬಿಟ್ಟಿರುತ್ತೇವೆ, ಅದು ಸೀದಾ ಜಗಲಿಗೆ ಬರುತ್ತದೆ.